ಕುಂಟುಕುರಿಯ ನಡಿಗೆ

ಸಂಶಿ ಕಡೆಯ ಒಂದು ಸರಕಾರಿ ಪ್ರೌಢಶಾಲೆಯಲ್ಲಿ ನಾನು ಚಿತ್ರಕಲಾ ಶಿಕ್ಷಕಿಯಾಗಿದ್ದೆ. ನನ್ನ ಸೇವೆಯ ಕೊನೆಯ ಐದಾರು ವರ್ಷಗಳಲ್ಲಿ ಶುರುವಾದ ಸಂಗತಿ ಇದು. ಚಿತ್ರಕಲೆಯ ಪೀರಿಯಡ್ ಯಾವಾಗಲೂ ಊಟದ ನಂತರವೇ. ಕಿಟಕಿಯಾಚೆ ಎರಿಹೊಲ ಬಿಸಿಲಿಗೆ ನೀರಿನಂತೆ ಅಲುಗುತ್ತಿತ್ತು, ಒಳಗೆ ಮಕ್ಕಳು ತೂಕಡಿಸುತ್ತಿದ್ದರು. ಸುಳ್ಳೇಕೆ, ನಾನೂ ತೂಕಡಿಸುತ್ತಿದ್ದೆ.

ಅಂಥದೊಂದು ಮಧ್ಯಾಹ್ನ ಒಂಬತ್ತನೆಯ ತರಗತಿಯ ಮಾಳವ್ವ ಗಣಿತದ ನೋಟುಬುಕ್ಕಿನ ಹಾಳೆಗಳನ್ನು ಹೆಬ್ಬೆರಳಿನಿಂದ ಪಟಪಟನೆ ಬಿಡುತ್ತಿದ್ದಳು. ಕಸಿದುಕೊಂಡು ನೋಡಿದೆ. ಪ್ರತಿ ಹಾಳೆಯ ಮೂಲೆಯಲ್ಲಿ ಒಂದು ಕರಿಯ ಕುರಿ ಇತ್ತು. ಹಾಳೆ ಬಿಟ್ಟರೆ ಕುರಿ ನಡೆಯುತ್ತಿತ್ತು. ಎಷ್ಟು ಹೊತ್ತು ಹಾಗೆ ನೋಡುತ್ತ ನಿಂತೆನೋ, ನಾನೇ ಆ ಕುರಿಯ ಹಿಂದೆ ಯಾವುದೋ ಬದುವಿನ ಮೇಲೆ ನಡೆದಂತೆ ಅನಿಸಿತು. ಆದರೆ ಅದು ಮುಗ್ಗರಿಸುತ್ತಿತ್ತು. ಮೇಷ್ಟರ ಚಾಳಿ ಎಲ್ಲಿ ಹೋಗುತ್ತದೆ? ಕೆಂಪು ಪೆನ್ನು ತೆಗೆದು ‘ಹಿಂದಿನ ಕಾಲು ತಪ್ಪು’ ಎಂದು ಬರೆದೆ. ಹುಡುಗಿ ಪುಸ್ತಕ ತೆಗೆದುಕೊಂಡು ಕುಳಿತಳು.

ಪಿಯುಸಿ ಮುಗಿದ ಮೇಲೆ ಅವಳು ಅಪ್ಪ ಬೀರಪ್ಪನನ್ನು ಕರೆದುಕೊಂಡು ನಮ್ಮ ಮನೆಗೆ ಬಂದಳು. ಕುರಿ ಕಾಯುವ ಮನುಷ್ಯ, ಹೆಗಲ ಮೇಲೆ ಕಂಬಳಿ.

“ಅಕ್ಕೋರ, ಈಕಿ ಅದೇನೋ ಆನಿಮೇಶನ್ ಕಲಿತೀನಿ ಅಂತಾಳ್ರಿ. ನನಗ ಕುರಿ ಬಿಟ್ರ ಏನೂ ತಿಳಿಯಂಗಿಲ್ಲ. ಕಾಲೇಜು ನೀವ ನೋಡ್ರಿ. ಆದ್ರ ಒಂದ ಸಲ ಕಳಸ್ತೀನಿ. ಹೊಂದಲಿಲ್ಲ ಅಂತ ಹೊಳ್ಳಿ ಬಂದ್ರ, ಮತ್ತ ಕಳಸಾಕ ಮನ್ಯಾಗ ಯಾರೂ ಒಪ್ಪಂಗಿಲ್ಲ.”

ನನಗೆ ಚಿತ್ರ ಕಲಿಸಿ ಗೊತ್ತಿತ್ತೇ ಹೊರತು ಆನಿಮೇಶನ್ ಕಾಲೇಜು ಆರಿಸಿ ಗೊತ್ತಿರಲಿಲ್ಲ. ಮೂಲ ಅಂಕಪಟ್ಟಿಗಳನ್ನು ಒಮ್ಮೆ ಒಪ್ಪಿಸಿದರೆ ಹಿಂದಕ್ಕೆ ಪಡೆಯುವುದು ಸುಲಭವಲ್ಲ, ವರ್ಷವೇ ಹೋದೀತು ಎಂಬುದಷ್ಟು ಗೊತ್ತಿತ್ತು.

ಮೂವರೂ ಕುಂದಗೋಳದಿಂದ ರೈಲು ಹತ್ತಿ ಕಾಲೇಜು ನೋಡಲು ಶಹರಕ್ಕೆ ಹೋದೆವು. ಮೊದಲ ಕಾಲೇಜು ನೋಡಿ ನಾನು ಮರುಳಾದೆ. ಗಾಜಿನ ಗೋಡೆ, ತಣ್ಣನೆಯ ಗಾಳಿ, ಸಾಲುಸಾಲು ಕಂಪ್ಯೂಟರು. ಆ ಕುರ್ಚಿಗಳಲ್ಲೊಂದರಲ್ಲಿ ಮಾಳವ್ವ ಕುಳಿತಂತೆ, ಪರದೆಯ ತುಂಬ ಅವಳ ಬಣ್ಣಗಳು ಹರಿದಾಡಿದಂತೆ ನಿಂತಲ್ಲೇ ಕನಸು ಕಂಡೆ. ಪ್ರವೇಶ ವಿಭಾಗದವರು ಅಂಕಪಟ್ಟಿ ಕೇಳಿದರು. “ಕೊಡು ಮಾಳವ್ವ” ಎಂದೂ ಅಂದುಬಿಟ್ಟೆ.

ಬೀರಪ್ಪ ಅಂಕಪಟ್ಟಿಯ ಚೀಲವನ್ನು ಬಗಲಿಗೆ ಒತ್ತಿ ಹಿಡಿದ. “ತಡೀರಿ ಅಕ್ಕೋರ. ಸಂತ್ಯಾಗ ಎತ್ತಿನ ಕೊಂಬು ನೋಡಿ ಯಾರೂ ರೊಕ್ಕಾ ಕೊಡಂಗಿಲ್ರಿ, ನಡಿಸಿ ನೋಡ್ತಾರ.” ಆಮೇಲೆ ಅವರ ಕಡೆ ತಿರುಗಿ, “ನಿಮ್ಮ ಹುಡುಗ್ರು ಮಾಡಿದ್ದು ಏನರ ಒಂದು ನಡಿಸಿ ತೋರಸ್ರಿ” ಎಂದ.

ನನಗೆ ನಾಚಿಕೆಯಾಯಿತು. ಅವರು ನಗುತ್ತಲೇ ಶೋರೀಲ್ ಹಾಕಿದರು. ವಿದ್ಯಾರ್ಥಿಗಳ ಕೆಲಸವನ್ನು ಜೋಡಿಸಿ ಮಾಡಿದ ವಿಡಿಯೋಗೆ ಹಾಗೆನ್ನುತ್ತಾರೆ. ಫಳಫಳಿಸುವ ಆಕಳೊಂದು ಹಸಿರು ಗುಡ್ಡದ ಮೇಲೆ ನಡೆದು ಬಂತು. ಆಹಾ ಎಂದುಕೊಳ್ಳುವಷ್ಟರಲ್ಲಿ ಬೀರಪ್ಪ ತಲೆ ಅಲ್ಲಾಡಿಸಿದ.

“ಒಂದ ಬಾಜೂದ ಎರಡೂ ಕಾಲು ಕೂಡೇ ಎತ್ತಾಕತ್ತೈತಲ್ರಿ. ಹಿಂದಿನ ಕಾಲು ಊರಿದ ಮ್ಯಾಲ ಮುಂದಿನದು ಏಳಬೇಕು. ಈ ಆಕಳ ಬೀಳತೈತ್ರಿ.”

ಮತ್ತೆ ನೋಡಿದೆ. ಹೌದು, ಬೀಳುವಂತೆಯೇ ಇತ್ತು. ಇಷ್ಟು ವರ್ಷ ಚಿತ್ರ ಕಲಿಸಿದ ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಎರಡನೆಯ ಕಾಲೇಜು ಹಳೆಯ ಕಟ್ಟಡ, ಸುಣ್ಣ ಉದುರಿದ ಗೋಡೆ. ಬೇವಿನ ನೆರಳಿನಲ್ಲಿ ಹುಡುಗರು ಮಲಗಿದ ನಾಯಿಯನ್ನು ಬರೆಯುತ್ತಿದ್ದರು. ಒಳಗೆ ಗಾಜಿನ ಮೇಜುಗಳ ಕೆಳಗೆ ದೀಪ ಉರಿಯುತ್ತಿತ್ತು. ಹಿಂದಿನ ಚಿತ್ರದ ಮೇಲೆ ಹೊಸ ಹಾಳೆ ಇಟ್ಟು, ಕಾಲು ಎಷ್ಟು ಸರಿಯಿತು ಎಂದು ನೋಡಿ ಬರೆಯುವ ಕ್ರಮ ಅದು. ಒಂದು ಪೂರ್ತಿ ನಡಿಗೆಯ ಚಿತ್ರಗಳಿಗೆ ವಾಕ್ ಸೈಕಲ್ ಎನ್ನುತ್ತಾರೆ. ಅಲ್ಲಿಯ ಶಿಕ್ಷಕಿ ಅಂಕಪಟ್ಟಿ ಕೇಳಲಿಲ್ಲ. “ನೀ ಏನ್ ಬರೀತೀ, ತೋರಸವ್ವಾ” ಎಂದರು.

ಮಾಳವ್ವ ತನ್ನ ಚೀಲದಿಂದ ಅದೇ ಗಣಿತದ ನೋಟುಬುಕ್ಕು ತೆಗೆದಳು. ಶಿಕ್ಷಕಿ ಹಾಳೆ ಬಿಟ್ಟರು, ಮತ್ತೊಮ್ಮೆ ಬಿಟ್ಟರು. ಆಮೇಲೆ ಮೆಲ್ಲಗೆ ಕೇಳಿದರು: “ಯಾವ ಕಾಲಿಗೆ ನೋವಾಗೇತಿ ಇದಕ್ಕ?”

“ಹಿಂದಿನ ಎಡಗಾಲಿಗ್ರಿ. ಸಣ್ಣದಿದ್ದಾಗ ಮುಳ್ಳು ನಟ್ಟಿತ್ತು.”

ನನ್ನ ಕೆಂಪು ಅಕ್ಷರ ಹಾಳೆಯ ಮೇಲೆ ಹಾಗೇ ಇತ್ತು. ನೆಲ ಬಾಯಿಬಿಡಬಾರದೇ ಅನಿಸಿತು. ಬೀರಪ್ಪ ಅಂಕಪಟ್ಟಿಯ ಚೀಲವನ್ನು ಮೇಜಿನ ಮೇಲಿಟ್ಟ.

ಮೊನ್ನೆ ಅವನು ಮನೆಗೆ ಬಂದು ಫೋನು ನನ್ನ ಮುಂದೆ ಹಿಡಿದ. ಮಗಳು ಕೊನೆಯ ವರ್ಷಕ್ಕೆ ಮಾಡಿದ ಪುಟ್ಟ ಚಿತ್ರ. ಸಂಜೆಯ ಮಣ್ಣುಬಣ್ಣದ ಬೆಳಕಿನಲ್ಲಿ ಕರಿಯ ಕುರಿಯೊಂದು ಕುಂಟುತ್ತ, ಹಿಂಡಿನ ಹಿಂದೆ ತಾನೊಂದೇ ಬರುತ್ತಿತ್ತು. ಆ ಕುರಿ ಸತ್ತು ಎರಡು ವರ್ಷವಾಗಿತ್ತು. ಅದು ಪರದೆಯ ಅಂಚಿಗೆ ಬಂದು ನಿಂತಾಗ ಬೀರಪ್ಪ ತನಗರಿವಿಲ್ಲದೆ ನಾಲಿಗೆ ಲೊಟಕಿಸಿ ಅದನ್ನು ಕರೆದ.

ನಾನು ನಿವೃತ್ತಳಾದ ಮೇಲೂ ತಾಯಿತಂದೆಯರು ಕಾಲೇಜು ಯಾವುದು ಒಳ್ಳೆಯದು ಎಂದು ಕೇಳಲು ಬರುತ್ತಾರೆ. ಅಲ್ಲಿಯ ಮಕ್ಕಳ ಕೆಲಸ ನಡೆಸಿ ನೋಡಿ ಎನ್ನುತ್ತೇನೆ. ಆಮೇಲೆ, ನಿಮ್ಮ ಮಗು ಬರೆದದ್ದನ್ನು ತೋರಿಸಿ, ಏನು ಕೇಳುತ್ತಾರೆ ನೋಡಿ ಎನ್ನುತ್ತೇನೆ. ಕೆಂಪು ಪೆನ್ನು ಹಿಡಿಯುವ ಮೊದಲು ನಾನು ಕೇಳಬೇಕಿದ್ದದ್ದೂ ಆ ಶಿಕ್ಷಕಿ ಕೇಳಿದ ಅದೊಂದೇ ಪ್ರಶ್ನೆ.