ಚಂದ್ರಾಮ ಬೆನ್ನು ಕೊಟ್ಟ ಗೋಡೆ

ಶಹಾಬಾದಿನ ಗೌಂಡಿ ಚಂದ್ರಾಮನಿಗೆ ಒಂದು ಪದ್ಧತಿ ಇತ್ತು. ಗೋಡೆ ಮುಗಿದ ದಿನ ಅದಕ್ಕೆ ಬೆನ್ನು ಕೊಟ್ಟು ಕೂತು ರೊಟ್ಟಿ ತಿನ್ನಬೇಕು, ಆಮೇಲೆಯೇ ಕಟ್ಟಿಸಿದ ಮನೆಯವರಿಗೆ "ಮುಗೀತ್ರಿ" ಅನ್ನಬೇಕು. ಅವನಪ್ಪ ಹಾಗೇ ಮಾಡುತ್ತಿದ್ದ, ಅಜ್ಜನೂ ಮಾಡುತ್ತಿದ್ದನಂತೆ. "ಬೀಳೂದಾದ್ರ ಮೊದ್ಲ ಕಟ್ಟಿದವನ ಮ್ಯಾಲ ಬೀಳ್ಲಿ" ಅನ್ನುವುದು ಆ ಮನೆತನದ ಮಾತು. ಚಿತ್ತಾಪುರದಿಂದ ಕಾಳಗಿಯವರೆಗೆ ಅವನು ಬೆನ್ನು ಕೊಟ್ಟ ಗೋಡೆಗಳೆಲ್ಲ ಇವತ್ತಿಗೂ ನೆಟ್ಟಗೆ ನಿಂತಿವೆ. ಉಳಿದದ್ದರಲ್ಲಿ ಪಾಪದ ಮನುಷ್ಯ, ಈ ಒಂದು ವಿಷಯದಲ್ಲಿ ಮಾತ್ರ ಜಂಬ ಇತ್ತು, ಇಲ್ಲ ಅಂದರೆ ಸುಳ್ಳಾದೀತು.

ಇಂಥವನನ್ನು ಹುಡುಕಿಕೊಂಡು ಸಿನಿಮಾದವರು ಬಂದರು ನೋಡಿ! ಬಂದವಳು ರಾಧಿಕಾ, ಮೈಸೂರಿನ ಕಡೆಯ ಹುಡುಗಿ, ಆ ಚಿತ್ರದ ಕಲಾ ನಿರ್ದೇಶಕಿ. ಪರದೆಯ ಮೇಲೆ ಕಾಣುವ ಮನೆ, ಬಾಗಿಲು, ಬಿಂದಿಗೆ ಎಲ್ಲ ಅವಳ ಜವಾಬ್ದಾರಿ. ಅವಳ ಸ್ವಂತ ಹೊಣೆಯ ಮೊದಲ ಸಿನಿಮಾ ಅದು. ಕಾಳಗಿಯಿಂದ ಕೊಡ್ಲಿಗೆ ಹೋಗುವ ದಾರಿಯಲ್ಲಿ ಬಂದೇಅಲಿಯ ಹೊಲವನ್ನು ಬಾಡಿಗೆಗೆ ಹಿಡಿದಿದ್ದರು. ಅಲ್ಲಿ ಫರ್ಸಿ ಕಲ್ಲಿನ ಹಳೆಮನೆಯ ಗೋಡೆಯೊಂದು ಬೇಕಿತ್ತು.

"ನೋಡೋಕೆ ನೂರು ವರ್ಷದ ಗೋಡೆ ಥರ ಇರ್ಬೇಕು, ಅಣ್ಣಾ. ಹಗ್ಗ ಎಳೆದ ತಕ್ಷಣ ಬೀಳ್ಬೇಕು," ಅಂದಳು ರಾಧಿಕಾ.

"ಏನಂದ್ರಿ?"

"ಬೀಳ್ಬೇಕು. ಕಥೇಲಿ ಮುದುಕಿ ಮನೆ ಬಿಟ್ಟು ದೂರ ನಡೆದು ಹೋಗ್ತಾಳೆ, ಹಿಂದೆ ಗೋಡೆ ಬೀಳುತ್ತೆ. ಥರ್ಮೋಕೋಲ್ ಕಲ್ಲು ಹಾಕಿದ್ರೆ ಆ ಧೂಳೂ ಬರಲ್ಲ, ಆ ಸದ್ದೂ ಬರಲ್ಲ."

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂದ ಹಿರಿಯರು ಗೋಡೆ ಬೀಳಿಸಿ ನೋಡು ಅಂದಿರಲಿಲ್ಲ. ಚಂದ್ರಾಮ ಒಲ್ಲೆ ಅನ್ನುವವನೇ ಇದ್ದ. ಆದರೆ ಮಣ್ಣು ಕಲಸಿ ಕಲ್ಲು ಹೊತ್ತು ಅವನ ಜೊತೆ ಕೈಯಾಳಾಗಿ ದುಡಿಯುವ ಹೆಂಡತಿ ಯಂಕಮ್ಮನಿಗೆ ಶೂಟಿಂಗ್ ನೋಡುವ ಆಸೆ. ಅವಳು ಅವನ ಮುಖ ನೋಡಿದಳು. ಅವನು ಹ್ಞೂಂ ಅಂದ.

ಗೋಡೆ ಎದ್ದಿತು. ಶೂಟಿಂಗ್ ದಿನ ಗಂಡ ಹೆಂಡತಿ ಬದುವಿನ ಮೇಲೆ ನಿಂತು ಬೆರಗಾದರು. ಗೌಂಡಿ ಕೆಲಸಕ್ಕೆ ಕಲಸುವವರು, ಹೊರುವವರು, ಕಟ್ಟುವವರು ಇದ್ದರೆ ಸಾಕು. ಇಲ್ಲಿ ದಿಬ್ಬಣವೇ ಇಳಿದಿತ್ತು! ಕ್ಯಾಮೆರಾ ನೋಡುವವ ಒಬ್ಬನಾದರೆ, ನಟಿಯ ಮೂಗಿನಿಂದ ಕ್ಯಾಮೆರಾದವರೆಗೆ ಟೇಪು ಹಿಡಿದು ಅಳೆಯುವವ ಬೇರೊಬ್ಬ. ದೀಪ ಹೊರುವವರೇ ಒಂದು ಗುಂಪು. ಕಿವಿಗೆ ಯಂತ್ರ ಸಿಕ್ಕಿಸಿಕೊಂಡ ತಸ್ಲೀಮ್ ಎಂಬವನಿಗೆ ಕೇಳುವುದೇ ಕೆಲಸ. ಎಲ್ಲೋ ಒಂದು ಟ್ರ್ಯಾಕ್ಟರ್ ಕೆಮ್ಮಿದರೂ ಕೈ ಎತ್ತಿ ಎಲ್ಲವನ್ನೂ ನಿಲ್ಲಿಸಿಬಿಡುತ್ತಿದ್ದ. ನಿನ್ನೆ ಮುದುಕಿಯ ಸೆರಗು ಎಡಕ್ಕಿತ್ತೋ ಬಲಕ್ಕಿತ್ತೋ ಎಂದು ನೆನಪಿಡಲಿಕ್ಕೇ ಒಬ್ಬ ಹುಡುಗಿ ಇದ್ದಳು.

"ಅಯ್ಯ ಶಿವನೇ, ಈ ಕೆಲಸ ನಮ್ಮತ್ತಿ ಪುಕ್ಕಟೆ ಮಾಡ್ತಿದ್ಳು!" ಅಂದಳು ಯಂಕಮ್ಮ.

ಸಂಜೆಯ ಹೊಂಬಿಸಿಲು ಬಿತ್ತು. ಕ್ಲ್ಯಾಪ್ ಹೊಡೆದರು. ಮುದುಕಿಯ ಪಾತ್ರದ ನಟಿ ಅಳುತ್ತ ದೂರ ನಡೆದಳು. ಹಗ್ಗ ಹಿಡಿದವರು ಎಳೆದರು. ಗೋಡೆ ಕದಲಲಿಲ್ಲ. ಮತ್ತೆ ಎಳೆದರು. ಹಗ್ಗ ಹರಿದು, ಎಳೆದವರೆಲ್ಲ ಒಬ್ಬರ ಮೇಲೊಬ್ಬರು ಬಿದ್ದರು. ಹೊಲದಲ್ಲಿ ಬೀಳದೆ ಉಳಿದದ್ದು ಗೋಡೆ ಒಂದೇ. ಅಷ್ಟರಲ್ಲಿ ಹೊತ್ತೂ ಮುಳುಗಿತು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅಂತಾರಲ್ಲ, ಹಾಗಾಯಿತು. ದಿನದ ಖರ್ಚು ನೋಡಿಕೊಳ್ಳುವ ಮ್ಯಾನೇಜರ್ ಅಶೋಕಕುಮಾರ ಎಲ್ಲರೆದುರು ರಾಧಿಕಾಳ ಮೇಲೆ ಹರಿಹಾಯ್ದ. "ನಾಡಿದ್ದು ಬೀಳಲಿಲ್ಲ ಅಂದ್ರೆ ನೀವು ಗಂಟುಮೂಟೆ ಕಟ್ಟಿ. ಹೈದರಾಬಾದಿನಿಂದ ಬೇರೆಯವರನ್ನ ಕರೆಸ್ತೀನಿ!"

ರಾಧಿಕಾ ಚಂದ್ರಾಮನಿಗೆ ಒಂದು ಮಾತೂ ಬೈಯಲಿಲ್ಲ. ಗೋಡೆಯ ಹತ್ತಿರ ಹೋಗಿ ಕೈಯಾಡಿಸಿದಳು. ಒಳಮೈ ಹೊರಮೈ ಎರಡನ್ನೂ ಬಿಗಿದು ಹಿಡಿದ ಉದ್ದ ಕಲ್ಲುಗಳು ಕಂಡವು. "ಇವು ಬೇಡ ಅಂದಿದ್ದೆನಲ್ಲಣ್ಣಾ?"

ಚಂದ್ರಾಮ ನೋಡಿದ. ಹೌದು, ಇದ್ದವು. "ನಾ ಹಾಕಿಲ್ರಿ ಮೇಡಂ," ಅಂದ. "ಈ ಕೈ ತಾನ ಹಾಕ್ಯದ."

"ರೊಟ್ಟಿ ತಿನ್ಲಿಕ್ಕ ಅದಕ್ಕ ಬೆನ್ನು ಕೊಟ್ಟು ಕುಂತಾಗ್ಲೇ ನನಗ ಗೊತ್ತಾತು, ಇದು ಬೀಳಂಗಿಲ್ಲಂತ," ಅಂದಳು ಯಂಕಮ್ಮ.

ಆ ಗೋಡೆಯನ್ನು ಹಾಗೇ ಬಿಟ್ಟು, ಆಚೆ ಪಕ್ಕದಲ್ಲಿ ಇನ್ನೊಂದು ಕಟ್ಟುವುದೆಂದಾಯಿತು. ಮರುದಿನ ಬೆಳಿಗ್ಗೆ ಚಂದ್ರಾಮ ಶುರು ಮಾಡಿದ. ಹುಟ್ಟುಗುಣ ಸುಟ್ಟರೂ ಹೋಗುತ್ತದೆಯೇ? ನಾಲ್ಕು ಸಾಲು ಏರಿಸಿ ನೋಡಿದರೆ ಮತ್ತೆ ಅದೇ ಬಿಗಿ. ಕಿತ್ತು ಮತ್ತೆ ಕಟ್ಟಿದ, ಮತ್ತೆ ಅದೇ ಹಣೆಬರಹ. ರಾಧಿಕಾ ಪಕ್ಕದಲ್ಲಿ ಕೂತಿದ್ದಳು. ಕೈಯಲ್ಲಿದ್ದ ಚಹಾ ಆರಿ ಹೋಗಿತ್ತು. ಮಗಳ ವಯಸ್ಸಿನ ಹುಡುಗಿಯ ಅನ್ನಕ್ಕೆ ತಾನು ಕಲ್ಲು ಹಾಕುತ್ತಿದ್ದೇನಲ್ಲ ಎಂದು ಅವನಿಗೆ ಅಳುವೇ ಬಂದಂತಾಯಿತು. ಮಣ್ಣು ಹಚ್ಚುವ ಕರಣಿ ಕೆಳಗಿಟ್ಟು ತಲೆ ಮೇಲೆ ಕೈ ಹೊತ್ತು ಕೂತ.

"ಸರೀರಿ ಆ ಕಡಿ. ನೀವು ಕಲ್ಲು ಕೊಡ್ರಿ, ನಾ ಇಡ್ತೀನಿ," ಅಂದಳು ಯಂಕಮ್ಮ.

"ನಿನಗೇನ್ ಗೊತ್ತದ?"

"ಲಗ್ನ ಆದಾಗಿಂದ 'ಹಂಗಿಡಬ್ಯಾಡ, ಹಿಂಗಿಡಬ್ಯಾಡ' ಅಂತ ಬೈಸ್ಕೊಂಡೀನಿ. ಎಲ್ಲಾ ನೆನಪದ. ಇವತ್ತ ಅವೆಲ್ಲಾ ಮಾಡ್ತೀನಿ!"

ಮಾಡಿಯೇಬಿಟ್ಟಳು. ಸಂದಿನ ಮೇಲೆ ಸಂದು ಬರಬಾರದು ಎಂಬುದು ಗೌಂಡಿಯ ಮೊದಲ ಪಾಠ. ಅವಳು ಬುಡದಿಂದ ತುದಿಯವರೆಗೆ ಸಂದಿನ ಮೇಲೆ ಸಂದೇ ಇಟ್ಟಳು. ಉದ್ದ ಕಲ್ಲು ಕಂಡರೆ ಆಚೆ ಎಸೆದಳು. ದೊಡ್ಡವನ್ನು ಮೇಲಿಟ್ಟು ಚಿಕ್ಕವನ್ನು ಕೆಳಗಿಟ್ಟಳು. ಚಂದ್ರಾಮ ಮುಖ ಅತ್ತ ತಿರುಗಿಸಿಕೊಂಡೇ ಕಲ್ಲು ಕೊಟ್ಟ. ನಡುವೆ ಒಮ್ಮೆ ಮಾತ್ರ ಬಾಯಿ ಬಿಟ್ಟ. "ರಸ್ತಿ ಕಡಿ ಬ್ಯಾಡ, ಹೊಲದ ಕಡಿ ವಾಲ್ಲಿ. ಆ ಕಡಿ ಮಂದಿ ಇರಂಗಿಲ್ಲ."

ಗೋಡೆ ಮುಗಿಯಿತು. ಯಂಕಮ್ಮ ಬುತ್ತಿ ಬಿಚ್ಚಿದಳು. ಚಂದ್ರಾಮ ರೊಟ್ಟಿಯ ಮೇಲೆ ಪುಂಡಿಪಲ್ಲೆ ಹಾಕಿಸಿಕೊಂಡು, ರೂಢಿಯಂತೆ ಹೊಸ ಗೋಡೆಯತ್ತ ನಡೆದ. ಯಂಕಮ್ಮ ಓಡಿ ಬಂದು ಅಂಗಿ ಹಿಡಿದು ಹಿಂದಕ್ಕೆ ಎಳೆದಳು. "ಎಲ್ಲಿ ಕುಂದರ್ಲಿಕ್ಕ ಹೊಂಟೀರಿ? ಸತ್ತೀರಿ!"

ಅವನು ಹಳೆಯ ಗೋಡೆಗೆ ಬೆನ್ನು ಕೊಡಲು ಹೋದ. ಅಲ್ಲಿ ಆಗಲೇ ಜಾಗವಿರಲಿಲ್ಲ. ಮೇಕಪ್ಪಿನವನು, ಬಟ್ಟೆ ನೋಡಿಕೊಳ್ಳುವವಳು, ದೀಪದ ಹುಡುಗರು, ತಸ್ಲೀಮ್, ಎಲ್ಲ ಅದರ ನೆರಳಿನಲ್ಲಿ ಒರಗಿ ಊಟ ಮಾಡುತ್ತಿದ್ದರು. ಕೊಂಚ ಸರಿದು ಅವನಿಗೂ ಜಾಗ ಮಾಡಿಕೊಟ್ಟರು.

ಮರುದಿನ ಸಂಜೆ ಹಗ್ಗ ಜಗ್ಗಿದ್ದೇ ತಡ, ಗೋಡೆ ಹೊಲದತ್ತ ವಾಲಿ ದಡದಡ ಸುರಿಯಿತು. ಮುದುಕಿಯ ಹಿಂದೆ ಬಿಳಿ ಧೂಳು ಎದ್ದಿತು. ಎಲ್ಲರೂ ಚಪ್ಪಾಳೆ ಹೊಡೆದರು. ರಾಧಿಕಾ ಅಳುತ್ತ ನಗುತ್ತ ಯಂಕಮ್ಮನನ್ನು ಅಪ್ಪಿಕೊಂಡಳು. ಚಂದ್ರಾಮ ಮಾತ್ರ ಚಪ್ಪಾಳೆ ಹೊಡೆಯಲಿಲ್ಲ. ಹುಡುಗಿಯ ಕೆಲಸ ಉಳಿಯಿತಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಕೆಲವು ತಿಂಗಳ ಮೇಲೆ ಸಿನಿಮಾ ಬಂತು. ಗಂಡ ಹೆಂಡತಿ ಊರವರೊಂದಿಗೆ ಹೋಗಿ ನೋಡಿದರು. ಗೋಡೆ ಬಿದ್ದ ಕೂಡಲೇ ಯಾರೋ ಕತ್ತಲಲ್ಲಿ ಕೂಗಿದರು: "ಏ ಚಂದ್ರಾಮ, ನಿನ್ನ ಗ್ವಾಡಿ ಬಿತ್ತಲ್ಲೋ!" ಟಾಕೀಸಿಗೆ ಟಾಕೀಸೇ ನಕ್ಕಿತು. ಚಂದ್ರಾಮ ತಲೆ ತಗ್ಗಿಸಿದ.

ಯಂಕಮ್ಮ ಎದ್ದು ನಿಂತಳು. "ಅದು ನಂದು! ಅವರದು ಕಾಳಗಿ ರಸ್ತ್ಯಾಗ ಇನ್ನಾ ನಿಂತದ. ನೋಡೋರು ಹೋಗಿ ನೋಡ್ರಿ!"

ಮನೆಗೆ ಬರುವ ದಾರಿಯುದ್ದಕ್ಕೂ ಚಂದ್ರಾಮನಿಗೆ ಒಂದೇ ಯೋಚನೆ. ಮಾಡಬಾರದ್ದೆಲ್ಲ ಗೊತ್ತಿದ್ದವಳಿಗೆ ಮಾಡಬೇಕಾದ್ದು ಗೊತ್ತಿರಲಿಕ್ಕಿಲ್ಲವೇ? ಇಷ್ಟು ವರ್ಷ ಅದು ಹೊಳೆಯಲೇ ಇಲ್ಲವಲ್ಲ ಎಂದು ನಾಚಿಕೆಯೂ ಆಯಿತು.

ಮುಂದಿನ ಕೆಲಸ ಚಿತ್ತಾಪುರದಲ್ಲಿ, ರಶೀದಾಬೇಗಂ ಅವರ ಹಿತ್ತಲಿನ ಗೋಡೆ. ಬುಡ ಹಾಕಿದ ದಿನ ಚಂದ್ರಾಮ ಕರಣಿಯನ್ನು ಹೆಂಡತಿಯ ಕೈಗಿಟ್ಟ. "ಈಗ ನಿಲ್ಲೂದು ಕಟ್ಟು," ಅಂದು, ತಾನು ಮಣ್ಣು ಕಲಸಲಿಕ್ಕೆ ಹೋದ. ಅವಳು ಸಾಲು ಸಾಲಾಗಿ ಏರಿಸುತ್ತ ಹೋದಳು. ಬಾಯಿ ತುರಿಸಿದರೂ ಅವನು ಹಂಗಲ್ಲ, ಹಿಂಗಲ್ಲ ಅನ್ನಲಿಲ್ಲ.

ಮುಗಿದ ಮಧ್ಯಾಹ್ನ ಯಂಕಮ್ಮ ಕೈ ತೊಳೆದು ಗೋಡೆಗೆ ಬೆನ್ನು ಕೊಡಲು ಬಂದಳು. ಬಂದು ನೋಡಿದರೆ ಚಂದ್ರಾಮ ಆಗಲೇ ಅದಕ್ಕೆ ಒರಗಿ ಕೂತು ರೊಟ್ಟಿ ಮುರಿಯುತ್ತಿದ್ದ.

"ಮುಗೀತೇನು, ಚಂದ್ರಾಮ?" ಎಂದು ಬಾಗಿಲಿಂದಲೇ ಕೇಳಿದರು ರಶೀದಾಬೇಗಂ.

ತುಂಬಿದ ಬಾಯಲ್ಲಿ ಅವನು ಹೆಂಡತಿಯ ಕಡೆ ಕೈ ತೋರಿಸಿದ.

"ಮುಗೀತ್ರಿ," ಅಂದಳು ಯಂಕಮ್ಮ.