ಸಾವಂತ್ರವ್ವನ ಸುಟ್ಟ ಕಬ್ಬು

ದೇವಣಗಾಂವದ ಸಾವಂತ್ರವ್ವ ತನ್ನ ಬೆಳೆ ಕೊಯ್ಯಲು ಯಾರ ಅಪ್ಪಣೆಗೂ ಕಾದವಳಲ್ಲ. ಗಂಡ ಸತ್ತ ಮೇಲೂ ಭೀಮಾ ದಂಡೆಯ ಹೊಲದಲ್ಲಿ ಜೋಳ, ಕುಸುಬಿ ಬೆಳೆದಳು. ಕಾಳನ್ನು ಹಲ್ಲಲ್ಲಿ ಕಡಿದು ನೋಡಿ ನಾಳೆ ಕೊಯ್ಲು ಅಂದರೆ ನಾಳೆಯೇ ಕೊಯ್ಲು. ಸಕ್ಕರೆ ಕಾರ್ಖಾನೆ ಬಂದು ಸುತ್ತಲ ಹೊಲಗಳೆಲ್ಲ ಕಬ್ಬಾದಾಗ ಅವಳೂ ಕಬ್ಬು ಹಚ್ಚಿದಳು. ಬೆಳೆ ಅವಳ ಮಾತು ಕೇಳಿತು. ಕಟಾವಿನ ಸರದಿ ಮಾತ್ರ ಕಾರ್ಖಾನೆಯ ಕೈಗೆ ಹೋಯಿತು.

ಈ ಸಲ ಕಬ್ಬು ಸೂಲಂಗಿ ಒಡೆದು ಹೂ ತೂಗಿದರೂ ಸರದಿ ಬರಲಿಲ್ಲ. ಹೂ ಬಿಟ್ಟ ಕಬ್ಬು ಒಳಗೊಳಗೇ ಬೆಂಡಾಗುತ್ತದೆ. ಕಾರ್ಖಾನೆಯಿಂದ ಹೊಲ ನೋಡಲು ಬಂದ ಕಲ್ಮೇಶನನ್ನು ಅವಳು ಬದುವಿನ ಮೇಲೆಯೇ ತಡೆದಳು.

“ಯಾವಾಗೋ ತಮ್ಮಾ?”

“ನಂಬರ್ ಬಂದ ಕೂಡ್ಲೆ ಕಡಸ್ತೇನ್ರಿ ಅಕ್ಕಾರ.”

“ನಿನ್ನ ಮದವಿ ಮುಹೂರ್ತಾನೂ ಫ್ಯಾಕ್ಟರಿಯವ್ರ ತೆಗಿತಾರೇನು? ಹಂಗಾರ ನೀ ಮುದುಕ ಆದಿ ಬಿಡು.”

ಕಲ್ಮೇಶ ನಕ್ಕು ಬೈಕಿಗೆ ಕಿಕ್ ಹೊಡೆದ.

ಸುಟ್ಟ ಕಬ್ಬು ಬೇಗ ಹುಳಿ ಹಿಡಿಯುವುದರಿಂದ ಕಾರ್ಖಾನೆ ಅದನ್ನು ಸರದಿ ಬಿಟ್ಟು ಮೊದಲು ನುರಿಸುತ್ತದೆ. ರೈತರಿಗೆಲ್ಲ ಗೊತ್ತಿದ್ದ ಅಡ್ಡದಾರಿ ಅದು. ಒಣಗರಿಯ ರವದಿ ಸುಟ್ಟುಹೋದರೆ ಕಡಿಯುವವರಿಗೂ ಸಲೀಸು. ಕಬ್ಬು ಕಡಿಯುವ ಗ್ಯಾಂಗಿನ ಮುಖ್ಯಸ್ಥ ಮೈಬೂಬ ಮರುದಿನ ಮುಂಜಾನೆ ಬರುತ್ತೇನೆಂದು ಮಾತು ಕೊಟ್ಟ. ಸಂಜೆ ಗಾಳಿ ನಿಂತದ್ದು ನೋಡಿ ಸಾವಂತ್ರವ್ವ ತನ್ನ ಕೈಯಾರೆ ಕಡ್ಡಿ ಗೀರಿದಳು.

ಮುಂಜಾನೆ ಮೈಬೂಬ ಒಬ್ಬನೇ ಬಂದ.

“ಯವ್ವಾ, ಫ್ಯಾಕ್ಟರಿ ಬಂದ್ ಆಗೇತಿ. ನಸಕಿನಾಗ ಬಾಯ್ಲರ್ ಕೆಟ್ಟೈತಂತ.”

“ಮತ್ತ ಯಾವಾಗ ಚಾಲೂ?”

“ಯಾರಿಗ್ ಗೊತ್ರಿ. ನಮ್ಮ ಮಂದಿ ಇಂಡಿ ಫ್ಯಾಕ್ಟರಿ ಕಡೆ ಹೊಂಟಾರ.”

“ನನ್ನ ಕಬ್ಬೂ ಅಲ್ಲೇ ಒಯ್ಯೋ.”

“ಅಲ್ಲಿ ಅವ್ರ ರೈತರ ಗಾಡೀನ ಮೈಲಿಗಟ್ಲೆ ನಿಂತಾವ್ರಿ. ಹೊರಗಿಂದು, ಅದೂ ಸುಟ್ಟಿದ್ದು, ಯಾರ್ ತಗೊಂತಾರ?”

ಮೈಬೂಬ ತಲೆ ತಗ್ಗಿಸಿ ಹೋದ. ಮೇಲೆ ಬಿಸಿಲು, ಕೆಳಗೆ ಕರ್ರಗಿನ ಕಬ್ಬು. ಸಾವಂತ್ರವ್ವ ದಿನಾ ಹೋಗಿ ಒಂದು ಜಲ್ಲೆ ಮುರಿದು ಮೂಸುವಳು, ದೂರದ ಕಾರ್ಖಾನೆಯ ಚಿಮಣಿಯತ್ತ ನೋಡುವಳು. ಕೊನೆಗೆ ಹೊಗೆ ಎದ್ದಾಗ ಕಲ್ಮೇಶ ಬಂದ. ಜಲ್ಲೆ ಮೂಸಿದವನು ಈ ಸಲ ನಗಲಿಲ್ಲ.

“ಹುಳಿ ಹಿಡದೈತ್ರಿ ಅಕ್ಕಾರ. ಗೇಟಿನಾಗ ಬಿಡೂದಿಲ್ಲ.”

“ಹಸಿ ಕಬ್ಬಿನಾಗ ಕಲಸಿ ಕಳಸೋ ತಮ್ಮಾ.”

“ನನ್ನ ಕೈಯಾಗ ಏನೂ ಇಲ್ರಿ.”

ಕಡಿಯದೆ ಬಿಡುವಂತೆಯೂ ಇಲ್ಲ. ಕಡಿದರೆ ತಾನೆ ಬುಡದಿಂದ ಮರುಬೆಳೆಯ ಕೂಳೆ ಒಡೆಯುವುದು. ಆಳು ಹಚ್ಚಿ ಕಡಿಸಿ, ಕಬ್ಬನ್ನೆಲ್ಲ ಬದುವಿಗೆ ಒಟ್ಟಿಸಿದಳು. ಮುಂದಿನ ವಾರ ಕಲ್ಮೇಶ ಮತ್ತೆ ಬಂದು, ಕೂಳೆಯನ್ನು ಬರುವ ವರ್ಷಕ್ಕೆ ಕಾರ್ಖಾನೆಯ ಹೆಸರಿಗೇ ಬರೆದುಕೊಳ್ಳಲೇ ಎಂದು ಕೇಳಿದ.

ಬದುವಿಗೆ ಒಟ್ಟಿದ ಹುಳಿ ಕಬ್ಬನ್ನೊಮ್ಮೆ ನೋಡಿ ಸಾವಂತ್ರವ್ವ ಹೂಂ ಅಂದಳು.