ಉಪ್ಪಿಗದ್ದಿದ ಮೊಟ್ಟೆ

ಹರೀದಿಯ ತಾತ ಖಲಫ್, ಕಂದಾಯಕ್ಕೆ ಬಂದವನ ಕುದುರೆಯನ್ನು ಕಾಲುವೆಯಲ್ಲಿ ಮುಳುಗಿಸಿ ಕೊಂದವನು. ಅಪ್ಪ ದರ್ದೀರಿ, ನೀರಿನ ಸರದಿಯ ಜಗಳದಲ್ಲಿ ಇಬ್ಬರ ತಲೆ ಒಡೆದು ಹದಿನೈದು ವರ್ಷ ಸೆರೆಮನೆಯಲ್ಲಿ ಕಲ್ಲು ಕುಟ್ಟಿದವನು. ಅಣ್ಣ ಬದ್ರಿ ದೊಣ್ಣೆವರಸೆಯಲ್ಲಿ ಸೊಹಾಗ್ ಸೀಮೆಗೇ ಹೆಸರಾದವನು. ಅವನನ್ನು ಯಾವ ದೊಣ್ಣೆಯೂ ಕೆಡವಲಿಲ್ಲ, ಸಕ್ಕರೆ ಕಾಯಿಲೆ ಕೆಡವಿತು. ಬೆರಳು ಹೋಯಿತು, ಪಾದ ಹೋಯಿತು, ಮೊಣಕಾಲು ಹೋಯಿತು, ಆಮೇಲೆ ಅವನೇ ಹೋದ.

ಹರೀದಿ ಖರ್ಜೂರದ ಮರ ಹತ್ತುವವನು. ಕಾಲೇ ಅವನ ಅನ್ನ. ಐವತ್ತೆರಡನೇ ವಯಸ್ಸಿನಲ್ಲಿ ಅವನ ಕಾಲಿನ ಹೆಬ್ಬೆರಳೂ ಹುಣ್ಣಾಗಿ ಕೀವು ಕಟ್ಟಿದಾಗ ಡಾಕ್ಟರಮ್ಮ ಮುಲಾಜಿಲ್ಲದೆ ಹೇಳಿದಳು: "ಮಾತ್ರೆ ತಪ್ಪಿಸಬೇಡಿ. ರೊಟ್ಟಿ, ಸಕ್ಕರೆ ಚಹಾ, ಖರ್ಜೂರ ಕಮ್ಮಿ ಮಾಡಿ. ಬೆಳಿಗ್ಗೆ ಬೇಯಿಸಿದ ಮೊಟ್ಟೆ, ಸೌತೆಕಾಯಿ ತಿನ್ನಿ."

ಕಮ್ಮಿ ಮಾಡಿ ಅಂದದ್ದನ್ನು ಅವನು ಪೂರಾ ಬಿಟ್ಟ. ಆ ಮನೆತನದಲ್ಲಿ ಯಾವುದನ್ನೂ ಅರ್ಧ ಮಾಡುವ ವಾಡಿಕೆಯಿರಲಿಲ್ಲ. ಹೆಂಡತಿ ಸಬ್ಹಾ ಮಾಳಿಗೆಯ ಮೇಲೆ ಕೋಳಿ ಸಾಕಿದಳು. ಹುಣ್ಣು ಮಾಯಿತು. ಎರಡು ವರ್ಷ ಮತ್ತೆ ಮರ ಹತ್ತಿದ.

ಅದಾದ ಮೇಲಿನ ಚಳಿಗಾಲ ಪಂಪಿನ ನೀರಿಗಾಗಿ ಅಬು ದೈಫ್ ಮನೆಯವರೊಂದಿಗೆ ಹೊಡೆದಾಟವಾಗಿ ಒಬ್ಬನ ಕಣ್ಣು, ಇನ್ನೊಬ್ಬನ ದವಡೆ ಹೋದವು. ಊರವರು ಡೇರೆ ಹಾಕಿಸಿ ರಾಜಿಗೆ ಕೂರಿಸಿದರು. ಎರಡೂ ಕಡೆಯ ಹಿರಿಯರು ಒಂದೇ ರೊಟ್ಟಿ ಮುರಿದು ಉಪ್ಪು ಮುಟ್ಟಿಸಿ ತಿಂದರೆ ಹಗೆ ಹರಿಯಿತು. ತಿನ್ನದಿದ್ದರೆ ದೊಣ್ಣೆ ಇನ್ನೂ ಎತ್ತಿದಂತೆಯೇ ಇದೆ ಎಂದರ್ಥ.

ಅಬು ದೈಫ್ ರೊಟ್ಟಿ ಮುರಿದು ಅರ್ಧ ಚಾಚಿದ. ಹರೀದಿ ಜೇಬಿನಿಂದ ಮೊಟ್ಟೆ ತೆಗೆದು ಸುಲಿದು, ಎರಡು ಹೋಳು ಮಾಡಿ, ಒಂದನ್ನು ಉಪ್ಪಿಗದ್ದಿ ನೀಡಿದ.

"ರೊಟ್ಟಿ ನಂಗಾಗಲ್ಲ, ಅಣ್ಣ. ಸಕ್ಕರೆ ಕಾಯಿಲೆ. ಉಪ್ಪು ನಿಂದು, ಮೊಟ್ಟೆ ನನ್ ಮನೇದು. ಇದನ್ನೇ ತಿನ್ನೋಣ."

"ನಮ್ ಹಿಟ್ಟಿಗೇನು ವಿಷ ಕಲಸಿದ್ದೀವಾ?"

"ನನ್ ಪಾಲಿಗೆ ವಿಷಾನೇ."

"ಒಂದು ತುತ್ತಿಗೆ ಸಾಯಲ್ಲ ಕಣೋ."

"ಬದ್ರೀನೂ ಹಂಗೇ ಅಂತಿದ್ದ."

ಅಬು ದೈಫನ ಮಗ ಶಾಜ್ಲಿ ನಕ್ಕ. "ಹುಂಜ ಸತ್ತ ಮೇಲೆ ಆ ಮನೇಲಿ ಉಳಿದಿರೋದು ಬರೀ ಹ್ಯಾಟೆಗಳು. ಮೊಟ್ಟೆ ಅಲ್ದೆ ಇನ್ನೇನು ಕೊಡ್ತಾವೆ?"

ಮಾತು ಮುಗಿಯುವಷ್ಟರಲ್ಲಿ ಬದ್ರಿಯ ಮಗನ ದೊಣ್ಣೆ ಶಾಜ್ಲಿಯ ಬಾಯಿಗೆ ಬಿತ್ತು. ಹಲ್ಲು ಉಪ್ಪಿನ ತಟ್ಟೆಗೆ ಉದುರಿದವು. ಡೇರೆಯ ಹಗ್ಗ ಹರಿಯಿತು, ಯಾರದೋ ಕೈಮೂಳೆ ಲಟ್ಟೆಂದಿತು, ಚೂರಿಯೊಂದು ಯಾರದೋ ಕೆನ್ನೆ ಸೀಳಿತು. ಶಾಜ್ಲಿ ರಕ್ತ ಉಗುಳುತ್ತಾ ಬಂದು ದೊಣ್ಣೆಯ ಬುಡವನ್ನು ಹರೀದಿಯ ಪಾದಕ್ಕೆ ಒನಕೆಯ ಹಾಗೆ ಕುಟ್ಟಿದ. ಒಮ್ಮೆ, ಇನ್ನೊಮ್ಮೆ. ಆ ಕಾಲಿಗೆ ನೋವು ತಿಳಿಯುವ ಶಕ್ತಿ ಹೋಗಿ ವರ್ಷಗಳಾಗಿದ್ದವು. ಚಪ್ಪಲಿ ಬೆಚ್ಚಗಾದದ್ದಷ್ಟೇ ತಿಳಿಯಿತು. ಹರೀದಿ ಅವನ ಕುತ್ತಿಗೆ ಹಿಡಿದು, ಕಣ್ಣು ಮೇಲಾಗುವವರೆಗೂ ಡೇರೆಯ ಕಂಬಕ್ಕೆ ಜಪ್ಪಿದ.

ಊರ ಮುಖಂಡ ಆಕಾಶಕ್ಕೆ ಗುಂಡು ಹಾರಿಸಿದ ಮೇಲೆ ದೊಣ್ಣೆಗಳು ಇಳಿದವು. ಶಾಜ್ಲಿ ನರಳುತ್ತಿದ್ದ, ಉಸಿರಿತ್ತು. ಹರೀದಿಯ ಚಪ್ಪಲಿಯಿಂದ ಒಸರುತ್ತಿದ್ದ ರಕ್ತ, ಜಜ್ಜಿದ ಬೆರಳು, ಆದರೂ ನೋವಿನ ಸುಳಿವೇ ಇಲ್ಲದ ಅವನ ಮುಖ ಕಂಡು ಅಬು ದೈಫ್ ಬಿಳಿಚಿಕೊಂಡ.

"ಕಾಯಿಲೆ ನಿಜಾನೇ ಏನೋ? ಬಾ, ನನ್ ಮಗನ ಜೊತೇಲೇ ನಿನ್ನೂ ಗಾಡೀಲಿ ಹಾಕ್ಕೊಂಡು ಹೋಗ್ತೀನಿ. ಬಿಟ್ರೆ ಕೊಳೆಯುತ್ತೆ ಆ ಕಾಲು."

ಹರೀದಿ ಮುಂಡಾಸು ಬಿಚ್ಚಿ ಪಾದಕ್ಕೆ ಸುತ್ತಿದ. ದೊಣ್ಣೆಯೂರಿ ಎದ್ದ.

"ನಿನ್ ರೊಟ್ಟಿ ತಿನ್ನದೋನು ನಿನ್ ಗಾಡಿ ಹತ್ತಲ್ಲ, ಅಬು ದೈಫ್. ಆಸ್ಪತ್ರೆ ದಾರಿ ಈ ಕಾಲಿಗೆ ಗೊತ್ತು. ಸರ್ಕೋ."